ಶಾಲಾ ಮಂಡಳಿಯ ಮುಂದೆ ಎರಡು ನಿಮಿಷ

ಅಮೆರಿಕದಲ್ಲಿ ಬಂದೂಕು ಹಿಂಸೆ ತಡೆಯಲು ದುಡಿಯಬೇಕೆಂದು ಬರುವ ಹೈಸ್ಕೂಲ್ ಮಕ್ಕಳ ಕಣ್ಣು ಮೊದಲು ಹೋಗುವುದು ವಾಷಿಂಗ್ಟನ್ ಕಡೆಗೆ. ನಾವು ಅವರಿಂದ ಕೆಲಸ ಶುರು ಮಾಡಿಸುವುದು ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಶಾಲಾ ಮಂಡಳಿಯಲ್ಲಿ. ಬೇಡಿಕೆಯೂ ಒಂದೇ: ಮನೆಯ ಬಂದೂಕಿನಿಂದ ಗುಂಡು ತೆಗೆದು ಬೀಗ ಹಾಕಿಡಿ, ಗುಂಡುಗಳಿಗೆ ಬೇರೆಯದೇ ಬೀಗವಿರಲಿ ಎಂದು ಶಾಲೆ ಪ್ರತಿ ವರ್ಷ ಎಲ್ಲ ಪೋಷಕರಿಗೂ ತಿಳಿಸಬೇಕು. ಲಾಸ್ ಏಂಜಲೀಸ್ ಶಾಲಾ ಜಿಲ್ಲೆ 2019ರಲ್ಲಿ ಇಂಥದ್ದೇ ನಿರ್ಣಯ ಮಾಡಿತು.

ಇದನ್ನು ಸಣ್ಣ ಕೆಲಸ ಎನ್ನಬೇಡಿ. 2021ರಲ್ಲಿ ಆ ದೇಶದಲ್ಲಿ ಬಂದೂಕಿಗೆ ಬಲಿಯಾದ 48,830 ಜನರಲ್ಲಿ ಅರ್ಧಕ್ಕಿಂತ ಹೆಚ್ಚಿನವರದು ಆತ್ಮಹತ್ಯೆ. ಶಾಲೆಯಲ್ಲಿ ಗುಂಡು ಹಾರಿಸಿದ ಹುಡುಗರಲ್ಲೂ ಹೆಚ್ಚಿನವರಿಗೆ ಆಯುಧ ಸಿಕ್ಕಿದ್ದು ತಮ್ಮ ಮನೆಯಲ್ಲಿ, ಇಲ್ಲವೇ ನೆಂಟರ ಮನೆಯಲ್ಲಿ. ಜೊತೆಗೆ, ಬೀಗದ ಮಾತಿಗೆ ಬಂದೂಕು ಇಟ್ಟುಕೊಂಡವರೂ ಕಿವಿಗೊಡುತ್ತಾರೆ.

ಮೊದಲು ಶಾಲೆಯಲ್ಲಿ ಒಂದು ಕ್ಲಬ್ ಬೇಕು. ‘ರಾಜಕೀಯದ ಕ್ಲಬ್ ಬೇಡ’ ಎಂಬ ಉತ್ತರ ಬಂದರೆ 1984ರ ಈಕ್ವಲ್ ಆಕ್ಸೆಸ್ ಆಕ್ಟ್ ನೆನಪಿಸಿ. ಕೇಂದ್ರದ ಅನುದಾನ ಪಡೆಯುವ ಸರ್ಕಾರಿ ಹೈಸ್ಕೂಲು ಪಠ್ಯಕ್ಕೆ ಸಂಬಂಧವಿಲ್ಲದ ಒಂದು ಕ್ಲಬ್ಬಿಗೆ ಅವಕಾಶ ಕೊಟ್ಟಿದ್ದರೂ ಸಾಕು, ವಿಚಾರ ರಾಜಕೀಯದ್ದು ಎಂಬ ಕಾರಣಕ್ಕೆ ಇನ್ನೊಂದನ್ನು ತಡೆಯುವಂತಿಲ್ಲ. ಐದು ಮಕ್ಕಳು ಸಾಕು, ಕೊನೆತನಕ ನಿಲ್ಲುವವರಾಗಿರಬೇಕು ಅಷ್ಟೆ.

ಎಲ್ಲರೂ ಎಡವುವುದು ಮಂಡಳಿಯ ಸಭೆಯಲ್ಲಿ. ಮಕ್ಕಳು ಚೆನ್ನಾಗಿಯೇ ಮಾತಾಡುತ್ತಾರೆ, ಸದಸ್ಯರು ತುಟಿ ಬಿಚ್ಚುವುದಿಲ್ಲ, ಮಕ್ಕಳು ಸೋತ ಮುಖ ಹೊತ್ತು ಮನೆಗೆ ಹೋಗುತ್ತಾರೆ. ಸದಸ್ಯರು ಸುಮ್ಮನಿದ್ದದ್ದು ತಾತ್ಸಾರದಿಂದಲೇ ಆಗಿರಬೇಕಿಲ್ಲ. ಸ್ಥಳೀಯ ಮಂಡಳಿಗಳ ಸಭೆ ಜನರಿಗೆ ತೆರೆದಿರಬೇಕೆನ್ನುವ ಕ್ಯಾಲಿಫೋರ್ನಿಯಾದ ಬ್ರೌನ್ ಕಾಯ್ದೆಯ ಪ್ರಕಾರ ಮಾಮೂಲಿ ಸಭೆಯ ಕಾರ್ಯಸೂಚಿಯನ್ನು 72 ಗಂಟೆ ಮುಂಚೆ ಪ್ರಕಟಿಸಬೇಕು. ಅದರಲ್ಲಿಲ್ಲದ ವಿಷಯದ ಮೇಲೆ ಮಂಡಳಿ ಮತ ಹಾಕುವಂತಿಲ್ಲ, ಚರ್ಚೆಯನ್ನೂ ಮಾಡುವಂತಿಲ್ಲ. ಆದ್ದರಿಂದ ಸಭೆಗೆ ಒಂದೆರಡು ತಿಂಗಳು ಮೊದಲೇ ಒಬ್ಬ ಸದಸ್ಯರನ್ನು ಕಂಡು, ನಿರ್ಣಯದ ಕರಡನ್ನು ಕೈಗೆ ಕೊಟ್ಟು, ಕಾರ್ಯಸೂಚಿಗೆ ಸೇರಿಸಿ ಎಂದು ಕೇಳಬೇಕು. ಭಾಷಣ ಆಮೇಲೆ.

ಸಭೆಯಲ್ಲಿ ಮಾತಾಡಲು ಸಿಗುವುದು ಸಾಮಾನ್ಯವಾಗಿ ಎರಡೋ ಮೂರೋ ನಿಮಿಷ. ಎರಡು ನಿಮಿಷಕ್ಕೆ ಇಂಗ್ಲಿಷಿನಲ್ಲಿ 220 ಪದ ಬರೆಸುತ್ತೇವೆ, ದೊಡ್ಡ ಅಕ್ಷರದಲ್ಲಿ ಮುದ್ರಿಸಿಕೊಡುತ್ತೇವೆ. ಬೇಡಿಕೆ ಮೊದಲ ವಾಕ್ಯದಲ್ಲೇ ಬರಬೇಕು. ಕೊನೆಗಿಟ್ಟರೆ ಮೈಕ್ ಆಫ್ ಆಗಿ ಅದೇ ಉಳಿದುಹೋಗುತ್ತದೆ. ಅಂಕಿ ಒಂದು ಸಾಕು. ವಿಳಾಸ ಕೇಳಿದರೆ ಊರಿನ ಹೆಸರು ಮಾತ್ರ ಹೇಳಿ, ಏಕೆಂದರೆ ಸಭೆಯ ವಿಡಿಯೊ ಅಂತರ್ಜಾಲದಲ್ಲಿ ಉಳಿಯುತ್ತದೆ.

ತಮ್ಮವರನ್ನು ಕಳೆದುಕೊಂಡ ಮಕ್ಕಳನ್ನು ಮೈಕಿನ ಮುಂದೆ ತಳ್ಳಲೇಬೇಡಿ. ಹೇಳಬೇಕೆಂದು ಅವರಿಗೇ ಅನ್ನಿಸಿದೆಯೇ, ಯಾವ ಭಾಗ ಹೇಳುವುದಿಲ್ಲ, ಮುಗಿದ ಮೇಲೆ ಪಕ್ಕದಲ್ಲಿ ಯಾರು ಕೂರುತ್ತಾರೆ, ಈ ಮೂರನ್ನೂ ಮೊದಲೇ ಕೇಳಿಕೊಳ್ಳಿ. ಕೊನೆಯ ಗಳಿಗೆಯಲ್ಲಿ ಬೇಡವೆಂದರೆ ಓದಲು ಇನ್ನೊಬ್ಬರು ಸಿದ್ಧವಿರಲಿ.

ಪೋಷಕರ ಸಭೆಯ ದಿನ ಕೇಬಲ್ ಬೀಗ (ಬಂದೂಕಿನೊಳಗೆ ತೂರಿಸಿ ಹಾಕುವ ಬೀಗ) ಹಂಚುವ ಮೇಜು ಹಾಕುತ್ತೇವೆ. ಮೇಜಿನ ಮೇಲೆ ಬಂದೂಕು ಇರಕೂಡದು, ಆಟಿಕೆಯೂ ಸಲ್ಲ. ಚಿತ್ರ ತೋರಿಸಿದರೆ ಸಾಕು. ಬಂದೂಕು ಮುಟ್ಟುವ ಕೆಲಸ ದೊಡ್ಡವರದು, ಅದೂ ಮನೆಯಲ್ಲಿ. ಪಿಸ್ತೂಲಾದರೆ ಮ್ಯಾಗಜಿನ್ (ಗುಂಡು ತುಂಬುವ ಡಬ್ಬಿ) ತೆಗೆದು, ಸ್ಲೈಡ್ (ಮೇಲಿನ ಜಾರುವ ಭಾಗ) ಹಿಂದಕ್ಕೆಳೆದು ನಿಲ್ಲಿಸಿ, ಚೇಂಬರ್ (ಹಾರಲಿರುವ ಗುಂಡು ಕೂರುವ ಜಾಗ) ಖಾಲಿಯಿದೆಯೆಂದು ಕಣ್ಣಾರೆ ನೋಡಿಕೊಳ್ಳಬೇಕು. ಆಮೇಲೆ ಖಾಲಿ ತೋಟೆ ಸಿಡಿದು ಹೊರಬರುವ ಕಿಂಡಿಯಿಂದ ಕೇಬಲ್ ಇಳಿಸಿ, ಮ್ಯಾಗಜಿನ್ ಕೂರುವ ಗೂಡಿನಿಂದ ಹೊರತೆಗೆದು ಬೀಗ ಒತ್ತಬೇಕು. ಈಗ ಮ್ಯಾಗಜಿನ್ ಕೂರುವುದಿಲ್ಲ, ಸ್ಲೈಡ್ ಮುಚ್ಚುವುದಿಲ್ಲ. ಬಹಳ ಜನ ಟ್ರಿಗರ್ ಸುತ್ತಲಿನ ಬಳೆಗೆ ಕೇಬಲ್ ಸಿಕ್ಕಿಸಿ ಮುಗಿಯಿತೆಂದುಕೊಳ್ಳುತ್ತಾರೆ. ಹಾಗೆ ಮಾಡಿದರೆ ಗುಂಡು ತುಂಬುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಇನ್ನೊಂದು ತಪ್ಪು, ಕೀಲಿಯನ್ನು ಅದೇ ಡ್ರಾಯರಿನಲ್ಲಿ ಇಡುವುದು. ಕೇಬಲ್ ಬೀಗ ಕಳ್ಳನನ್ನು ತಡೆಯುವುದಿಲ್ಲ ಎಂದೂ ಹೇಳಿಬಿಡಿ. ಅದಕ್ಕೆ ಸೇಫ್ ಬೇಕು. ಬೀಗದ ಜೊತೆ, ಆತ್ಮಹತ್ಯೆಯ ಯೋಚನೆ ಬಂದವರಿಗೆ ನೆರವಾಗುವ 988 ಸಹಾಯವಾಣಿಯ ಚೀಟಿ ಕೊಡುವುದನ್ನು ಮರೆಯಬೇಡಿ.

ನಿರ್ಣಯ ಪಾಸಾದ ಮೇಲೂ ಅದು ಹಾಳಾಗುವ ದಾರಿಗಳಿವೆ. ನೋಟಿಸನ್ನು ವಿದ್ಯಾರ್ಥಿ ಕೈಪಿಡಿಯ ಒಳಪುಟದಲ್ಲಿ ಹೂತುಬಿಡುತ್ತಾರೆ, ಇಂಗ್ಲಿಷಿನಲ್ಲಿ ಮಾತ್ರ ಅಚ್ಚು ಹಾಕಿಸುತ್ತಾರೆ. ಅದಕ್ಕೇ ಕರಡಿನಲ್ಲೇ ನಾಲ್ಕು ವಿಷಯ ಬರೆಸಿ: ಕಳಿಸುವ ತಿಂಗಳು, ಹೊಣೆ ಹೊರುವ ಅಧಿಕಾರಿಯ ಹುದ್ದೆ, ಯಾವ ಯಾವ ಭಾಷೆ, ದಾಖಲಾತಿ ಫಾರಮ್ಮಿನಲ್ಲಿ ಪೋಷಕರು ಸಹಿ ಹಾಕುವ ಜಾಗ. ಮುಂದಿನ ವರ್ಷ ಶಾಲೆ ತೆರೆದ ವಾರದಲ್ಲೇ ಹತ್ತು ಮನೆಯವರನ್ನು ‘ಕಾಗದ ಬಂತೇ?’ ಎಂದು ಕೇಳಿ. ಬಂದಿಲ್ಲವೆಂದರೆ ಅದನ್ನೇ ಬರೆದುಕೊಂಡು ಮತ್ತೆ ಮಂಡಳಿಯ ಮುಂದೆ ಹೋಗಿ.