ತಿಳಿನೀರಿನಲ್ಲಿ ಪೈಕ್: ಹಿಂಬಾಲಿಸಿ ಬಂದ ಮೀನನ್ನು ಕಚ್ಚಿಸುವುದು

ತಿಳಿನೀರಿನ ಸರೋವರದಲ್ಲಿ ನಾರ್ದರ್ನ್ ಪೈಕ್ ಎಂಬ ಚೂಪು ಹಲ್ಲಿನ ಸಿಹಿನೀರಿನ ಮೀನಿಗೆ ಗಾಳ ಹಾಕುವವರನ್ನು ಹೆಚ್ಚು ಕಾಡುವುದು ಕಣ್ಣಿಗೆ ಬಿದ್ದೂ ಕಚ್ಚದ ಮೀನು. ಲ್ಯೂರಿನ (ಕೊಕ್ಕೆಯಿರುವ ಕೃತಕ ಮೇವಿನ) ಬಾಲಕ್ಕೆ ಮೂತಿ ತಾಗುವಷ್ಟು ಹತ್ತಿರದಲ್ಲೇ ದೋಣಿಯವರೆಗೂ ಬರುತ್ತದೆ, ಅರೆಗಳಿಗೆ ನಿಂತು ನೋಡುತ್ತದೆ, ತಣ್ಣಗೆ ತಿರುಗಿ ಹೊರಟುಬಿಡುತ್ತದೆ. ಕಲಕು ನೀರಾಗಿದ್ದರೆ ಅದೇ ಮೀನು ಅದೇ ಲ್ಯೂರನ್ನು ಹಿಂದೆಮುಂದೆ ನೋಡದೆ ಬಾಯಿಗೆ ಹಾಕಿಕೊಳ್ಳುತ್ತಿತ್ತು. ಪೈಕ್ ಮುಖ್ಯವಾಗಿ ಕಣ್ಣನ್ನು ನಂಬಿ ಹೊಂಚುಹಾಕುವ ಮೀನು. ನೀರು ತಿಳಿಯಾದಷ್ಟೂ ಅದಕ್ಕೆ ಲ್ಯೂರನ್ನು ಪರೀಕ್ಷಿಸಲು ಸಮಯ ಹೆಚ್ಚು ಸಿಗುತ್ತದೆ. ಆ ಸಮಯವನ್ನು ಹೇಗೆ ಕಡಿಮೆ ಮಾಡುವುದು ಎಂಬ ಲೆಕ್ಕದಲ್ಲೇ ನನ್ನ ಸಲಕರಣೆ, ಜಾಗ, ಹೊತ್ತು ಎಲ್ಲ ನಿರ್ಧಾರವಾಗುತ್ತವೆ.

ಮೊದಲು ಜಾಗ. ಮಂಜುಗಡ್ಡೆ ಕರಗಿದ ಕೂಡಲೇ, ನೀರು ಇನ್ನೂ 4ರಿಂದ 10 ಡಿಗ್ರಿ ಸೆಲ್ಸಿಯಸ್ ಇರುವಾಗ, ಪೈಕ್‌ಗಳು ಮುಳುಗಿದ ಹುಲ್ಲಿರುವ ತಗ್ಗು ಮೂಲೆಗಳಲ್ಲಿ ಮೊಟ್ಟೆ ಇಡುತ್ತವೆ. ಆಮೇಲೂ ಕೆಲವು ವಾರ ಅಲ್ಲೇ ಸುತ್ತಮುತ್ತ ಒಂದೆರಡು ಮೀಟರ್ ನೀರಿನಲ್ಲಿ ಇರುತ್ತವೆ. ಆಗ ಕಪ್ಪು ಕೆಸರಿನ ತಳವಿರುವ ಮೂಲೆಗಳನ್ನು ಮೊದಲು ನೋಡುತ್ತೇನೆ, ಬಿಸಿಲಿಗೆ ಬೇಗ ಬೆಚ್ಚಗಾಗುವುದು ಅವೇ. ನೀರು 18–20 ಡಿಗ್ರಿ ದಾಟಿತೆಂದರೆ ದೊಡ್ಡ ಮೀನುಗಳು ಆಳಕ್ಕೆ ಇಳಿಯುತ್ತವೆ. ಬೇಸಗೆಯಲ್ಲಿ ದಡದ ಜೊಂಡಿಗೆ ಲ್ಯೂರ್ ಎಸೆಯುತ್ತಾ ಕೂತರೆ ಸಿಗುವುದು ಮೊಣಕೈ ಉದ್ದದ ಮರಿಗಳು ಮಾತ್ರ.

ಕಲಕು ನೀರಿನಲ್ಲಿ ಎರಡು ಮೀಟರ್ ಆಳಕ್ಕೇ ನೀರುಗಿಡ ಮುಗಿದರೆ, ತಿಳಿನೀರಿನಲ್ಲಿ ಬೆಳಕು ಆಳಕ್ಕಿಳಿಯುವುದರಿಂದ ಐದಾರು ಮೀಟರ್‌ವರೆಗೂ ಬೆಳೆದಿರುತ್ತದೆ. ಆ ಗಿಡದ ಹೊರಅಂಚೇ ಬೇಸಗೆಯ ಪೈಕ್‌ನ ಹೊಂಚುತಾಣ. ಸೋನಾರ್ ಇದ್ದರೆ ಅಂಚು ನೇರ ಕಾಣುತ್ತದೆ. ಇಲ್ಲದಿದ್ದರೆ ಒಂದು ಜಿಗ್ (ತಲೆಯಲ್ಲಿ ಭಾರವಿರುವ ಕೊಕ್ಕೆ) ಎಳೆದು ನೋಡಿ: ಅಗಲ ಎಲೆಯ ಗಿಡವಾದರೆ ಜಗ್ಗಿದಾಗ ಪಟ್ಟನೆ ಮುರಿದು ಬಿಡುತ್ತದೆ, ಎಳೆಎಳೆ ಎಲೆಯ ಕೂನ್‌ಟೇಲ್ ಗಿಡವಾದರೆ ಉಣ್ಣೆಯ ಹಾಗೆ ಸುತ್ತಿಕೊಂಡು ಬರುತ್ತದೆ. ಅಗಲ ಎಲೆಯ ಗಿಡಗಳ ನಡುವೆ ಓಣಿಗಳಿರುತ್ತವೆ, ನನಗೆ ಅವೇ ಇಷ್ಟ. ಅಂಚು ಎಲ್ಲಿ ಮೂಗಿನಂತೆ ಮುಂದಕ್ಕೆ ಚಾಚಿದೆಯೋ, ಎಲ್ಲಿ ಒಳಕ್ಕೆ ಸರಿದಿದೆಯೋ, ಮೀನು ಹೆಚ್ಚಾಗಿ ಅಲ್ಲೇ ನಿಂತಿರುತ್ತದೆ. ದೋಣಿಯನ್ನು 25–30 ಮೀಟರ್ ದೂರದ ಆಳನೀರಿನಲ್ಲೇ ಇಟ್ಟು, ಎಸೆತ ಅಂಚಿಗೆ ಆದಷ್ಟು ಸಮಾನಾಂತರವಾಗಿ ಬೀಳುವಂತೆ ನೋಡಿಕೊಳ್ಳುತ್ತೇನೆ. ದೋಣಿಯ ತಳಕ್ಕೆ ಇಕ್ಕಳ ಬಿದ್ದ ಸದ್ದೂ ನೀರಿನಲ್ಲಿ ದೂರ ಹೋಗುತ್ತದೆ. ಹಾಗಾಗಿ ಕೆಳಗೊಂದು ಹಳೆಯ ಕಂಬಳಿ ಹಾಸಿರುತ್ತದೆ.

ಹೊತ್ತಿನ ವಿಷಯದಲ್ಲಿ ಗಾಳಿ ಬಹಳ ಮುಖ್ಯ. ಗಾಳಿಯಿಲ್ಲದ ನಡುಹಗಲು, ಕನ್ನಡಿಯಂಥ ನೀರು ಇದ್ದರೆ ಮನೆಯಲ್ಲಿ ಕೂತು ಕೊಕ್ಕೆ ಮಸೆಯುವುದು ಮೇಲು. ಅಲೆಯೆದ್ದು ಬೆಳಕು ಒಡೆಯುತ್ತಿರುವ, ಗಾಳಿ ಬಂದು ಬಡಿಯುವ ಬದಿಯನ್ನು ಹಿಡಿಯಬೇಕು. ಮೋಡ ಮುಸುಕಿದ ದಿನ, ಮುಂಜಾವು, ಇಳಿಹೊತ್ತು ಒಳ್ಳೆಯವು. ಲ್ಯೂರಿನ ಬಣ್ಣದ ಬಗ್ಗೆ ಜನ ಗಂಟೆಗಟ್ಟಲೆ ಚರ್ಚಿಸುತ್ತಾರೆ, ನನ್ನ ಮಟ್ಟಿಗೆ ಬೆಳ್ಳಿ ಬಣ್ಣದ್ದೊಂದು, ಪರ್ಚ್ ಮೀನಿನ ಪಟ್ಟೆಯದೊಂದು ಇದ್ದರೆ ಸಾಕು.

ಇನ್ನು ಲೀಡರ್, ಅಂದರೆ ಮೀನಿನ ಹಲ್ಲಿಗೆ ತುಂಡಾಗದಂತೆ ಮುಖ್ಯ ದಾರಕ್ಕೂ ಲ್ಯೂರಿಗೂ ನಡುವೆ ಹಾಕುವ ಗಟ್ಟಿ ತುಂಡು. ಮೀನು ಹೆಚ್ಚು ಕೈತಪ್ಪುವುದು ಇಲ್ಲೇ. ಕಲಕು ನೀರಿನಲ್ಲಿ ದಪ್ಪ ತಂತಿ ನಡೆಯುತ್ತದೆ, ತಿಳಿನೀರಿನಲ್ಲಿ ನಾನು ಬಳಸುವುದು 0.90ರಿಂದ 1.0 ಮಿಲಿಮೀಟರ್ ದಪ್ಪದ ಫ್ಲೋರೋಕಾರ್ಬನ್ (ನೀರಿನಲ್ಲಿ ಅಷ್ಟಾಗಿ ಕಾಣದ ಪ್ಲಾಸ್ಟಿಕ್ ದಾರ), ಉದ್ದ 50–60 ಸೆಂಟಿಮೀಟರ್. ಕಾಣಬಾರದೆಂದು 0.50ಕ್ಕೆ ಇಳಿಸಿದರೆ ಪೈಕ್‌ನ ಹಲ್ಲು ಅದನ್ನು ಕತ್ತರಿಸುತ್ತದೆ, ಮೀನು ಬಾಯಲ್ಲಿ ಕೊಕ್ಕೆ ಇಟ್ಟುಕೊಂಡು ಹೋಗುತ್ತದೆ. ಇಷ್ಟು ದಪ್ಪದ್ದಕ್ಕೆ ಗಂಟು ಸರಿಯಾಗಿ ಕೂರುವುದಿಲ್ಲ, ಕ್ರಿಂಪ್ ಸ್ಲೀವ್ ಎಂಬ ಪುಟ್ಟ ಲೋಹದ ಜೋಡಿ ಕೊಳವೆಯಲ್ಲಿ ದಾರ ತೂರಿಸಿ ಒತ್ತಬೇಕು. ಸ್ಲೀವಿನ ನಡುಭಾಗವನ್ನು ಮಾತ್ರ ಒತ್ತಿ, ಎರಡೂ ತುದಿಗಳಲ್ಲಿ ಒಂದೊಂದು ಮಿಲಿಮೀಟರ್ ಹಾಗೇ ಬಿಡಿ. ತುದಿಯವರೆಗೆ ಒತ್ತಿದರೆ ಲೋಹದ ಅಂಚೇ ದಾರವನ್ನು ಕೊಯ್ಯುತ್ತದೆ. ಆಮೇಲೆ ಕೊಂಡಿಯನ್ನು ಮೊಳೆಗೆ ಸಿಕ್ಕಿಸಿ ಜೋರಾಗಿ ಎಳೆದು ನೋಡಬೇಕು, ಜಾರುವುದಿದ್ದರೆ ಅಲ್ಲೇ ಜಾರಲಿ. ಪ್ರತಿ ಮೀನಿನ ನಂತರ ಲೀಡರಿನುದ್ದಕ್ಕೂ ಉಗುರು ಎಳೆಯಿರಿ, ತರಿತರಿ ಸಿಕ್ಕಿದರೆ ಹೊಸದು ಹಾಕಿ. ಲೀಡರನ್ನು ದಾರಕ್ಕೆ ಜೋಡಿಸಲು ಹೊಳೆಯುವ ಸ್ವಿವೆಲ್ (ತಿರುಗುವ ಕೊಂಡಿ) ಬೇಡ, ಮೀನು ಅದನ್ನೇ ಕಚ್ಚಿದರೆ ಹಲ್ಲು ಲೀಡರಿನ ಮೇಲಿನ ದಾರಕ್ಕೆ ತಾಗುತ್ತದೆ. ಸತ್ತ ಮೀನನ್ನು ಮೇವಾಗಿ ಹಾಕುವಾಗ ಮಾತ್ರ ತಂತಿಯೇ ಸರಿ, ಪೈಕ್ ಅದನ್ನು ಗಂಟಲವರೆಗೆ ಒಯ್ಯುತ್ತದೆ.

ಲ್ಯೂರುಗಳಲ್ಲಿ ತಣ್ಣೀರಿನ ಕಾಲಕ್ಕೆ ತೇಲದೆ ಮುಳುಗದೆ ನಿಲ್ಲುವ 12–15 ಸೆಂಟಿಮೀಟರಿನ ಜರ್ಕ್‌ಬೇಟ್ (ಜಗ್ಗಿ ಜಗ್ಗಿ ಆಡಿಸುವ ಲ್ಯೂರ್) ಒಳ್ಳೆಯದು: ಎರಡು ಜಗ್ಗು, ಆಮೇಲೆ ಐದರಿಂದ ಹತ್ತು ಸೆಕೆಂಡ್ ಬಿಡುವು. ಬೇಸಗೆಯಲ್ಲಿ ಸರಿಯಾಗಿ ನಿಲ್ಲುತ್ತಿದ್ದ ಲ್ಯೂರ್ ತಣ್ಣೀರಿನಲ್ಲಿ ನಿಧಾನಕ್ಕೆ ಮೇಲೇಳತೊಡಗುತ್ತದೆ, ಏಕೆಂದರೆ ತಣ್ಣನೆಯ ನೀರಿನ ಸಾಂದ್ರತೆ ಹೆಚ್ಚು. ನಾನು ಮುಂದಿನ ಕೊಕ್ಕೆಯ ಕಾಂಡಕ್ಕೆ ತೆಳು ಸೀಸದ ತಂತಿಯನ್ನು ಮೂರು ನಾಲ್ಕು ಸುತ್ತು ಸುತ್ತಿ, ದೋಣಿಯ ಪಕ್ಕದಲ್ಲೇ ನೀರಿಗೆ ಬಿಟ್ಟು ನೋಡುತ್ತೇನೆ. ಮೂತಿ ಕೊಂಚ ಕೆಳಗಾಗಿ, ಇದ್ದಲ್ಲೇ ನಿಂತರೆ ಸರಿ. ನೀರು ಬೆಚ್ಚಗಿರುವಾಗ ನಿಧಾನ ಮಾಡಬೇಡಿ. 20–28 ಗ್ರಾಂನ ಸ್ಪೂನ್ (ಚಮಚದಂತೆ ಬಾಗಿದ ಲೋಹದ ಲ್ಯೂರ್) ಅಥವಾ ಮೃದು ರಬ್ಬರಿನ ಮೀನನ್ನು ಬೇಗ ಎಳೆದಷ್ಟೂ ಪೈಕ್‌ಗೆ ಪರೀಕ್ಷಿಸಲು ಪುರುಸೊತ್ತು ಸಿಗುವುದಿಲ್ಲ.

ಹಿಂದೆ ಮೀನು ಬರುತ್ತಿರುವುದು ಕಂಡಾಗ ಹೆಚ್ಚಿನವರು ಕೈ ನಿಧಾನ ಮಾಡುತ್ತಾರೆ. ಮೀನು ತಿರುಗಿ ಹೋಗುವುದು ಅದರಿಂದಲೇ. ಪೈಕ್ ಬೇಟೆಯಾಡುವ ನಿಜವಾದ ಸಣ್ಣ ಮೀನು ಅದರ ಹಲ್ಲಿನ ಮುಂದೆ ನಿಧಾನವಾಗುವುದಿಲ್ಲ, ತಪ್ಪಿಸಿಕೊಳ್ಳಲು ಓಡುತ್ತದೆ. ಆದ್ದರಿಂದ ನಾಲ್ಕೈದು ಸುತ್ತು ರೀಲನ್ನು ಜೋರಾಗಿ ತಿರುಗಿಸಿ. ದೋಣಿ ಹತ್ತಿರವಾಗುತ್ತಿದ್ದಂತೆ ಕುಕ್ಕರಗಾಲಲ್ಲಿ ಕೂತು, ರಾಡಿನ ತುದಿಯನ್ನು ಅರ್ಧ ಮೀಟರ್ ನೀರಿನೊಳಗೆ ಇಳಿಸಿ, ತುದಿಯಿಂದ ಲೀಡರ್ ಸೇರಿ ಎಂಬತ್ತು ಸೆಂಟಿಮೀಟರಿನಷ್ಟು ಉಳಿದಿರುವಾಗ ಲ್ಯೂರನ್ನು ನಿಲ್ಲಿಸದೆ ಎಂಟರ ಅಂಕಿಯಂತೆ ಸುತ್ತಿಸಿ. ತಿರುವು ಒಂದು ಮೀಟರಾದರೂ ಅಗಲವಿರಲಿ, ಉದ್ದನೆಯ ಮೀನಿಗೆ ಬಿಗಿ ತಿರುವು ಕಷ್ಟ. ಹೆಚ್ಚಿನ ಕಚ್ಚು ತಿರುವಿನಲ್ಲೇ ಬೀಳುತ್ತದೆ. ಆಗ ರಾಡನ್ನು ಮೇಲಕ್ಕೆತ್ತದೆ ಮೀನು ಮುಖ ಮಾಡಿರುವ ದಿಕ್ಕಿಗೆ ಎದುರಾಗಿ ಪಕ್ಕಕ್ಕೆಳೆಯಿರಿ. ದಾರ ತುಂಬಾ ಗಿಡ್ಡವಿರುವುದರಿಂದ ಡ್ರ್ಯಾಗ್ (ಮೀನು ಜಗ್ಗಿದಾಗ ದಾರ ಬಿಡುವ ರೀಲಿನ ಬಿಗಿ) ಸ್ವಲ್ಪ ಸಡಿಲವಿರಬೇಕು, ಇಲ್ಲದಿದ್ದರೆ ಕೊಕ್ಕೆ ನೆಟ್ಟಗಾಗುತ್ತದೆ. ಕಚ್ಚದೆ ಹೋದ ಮೀನಿನ ಜಾಗ ಗುರುತಿಟ್ಟುಕೊಳ್ಳಿ. ಬೆಳಕು ಇಳಿದ ಮೇಲೆ ಅದೇ ಜಾಗಕ್ಕೆ ಬೇರೆ ಲ್ಯೂರಿನೊಂದಿಗೆ ಬಂದರೆ ಎಷ್ಟೋ ಸಲ ಅದೇ ಮೀನು ಕಚ್ಚುತ್ತದೆ.

ಬಿಡಿಸುವಾಗ ರಬ್ಬರ್ ಲೇಪದ ಬಲೆಯೊಳಗೆ, ಮೀನು ನೀರಲ್ಲೇ ಇರಲಿ. ಕಿವಿರು ಮುಚ್ಚಳದ ಕೆಳಗಿನಿಂದ ಬೆರಳು ತೂರಿಸಿ, ಕೆಂಪು ಎಳೆಗಳಿಗೆ ತಾಗದಂತೆ ದವಡೆಮೂಳೆ ಹಿಡಿದು, 25 ಸೆಂಟಿಮೀಟರಿಗಿಂತ ಉದ್ದದ ಇಕ್ಕಳದಿಂದ ಕೊಕ್ಕೆ ತೆಗೆಯಿರಿ. ಕೊಕ್ಕೆಯ ತುದಿಯ ಹಿಮ್ಮುಳ್ಳನ್ನು ಮೊದಲೇ ಒತ್ತಿ ಚಪ್ಪಟೆ ಮಾಡಿದ್ದರೆ ಕೆಲಸ ಅರೆನಿಮಿಷದ್ದು. ಆಳಕ್ಕಿಳಿದ ಕೊಕ್ಕೆಯನ್ನು ಜಗ್ಗಬೇಡಿ, ಕಟ್ಟರಿನಿಂದ ಕೊಕ್ಕೆಯನ್ನೇ ತುಂಡು ಮಾಡಿ. ಮೇಲ್ನೀರು 21 ಡಿಗ್ರಿ ದಾಟಿದ ದಿನಗಳಲ್ಲಿ ನಾನು ದೊಡ್ಡ ಪೈಕ್‌ಗೆ ಗಾಳ ಹಾಕುವುದಿಲ್ಲ. ಸೆಣಸಿ ದಣಿದ ಮೀನು ಈಜಿಕೊಂಡು ಹೋದಂತೆ ಕಂಡರೂ ಆಮೇಲೆ ಸಾಯಬಹುದು.