ಸೂರಿನ ಅಂಚಿಗೆ ತಗಡು ಕೂರಿಸುವುದು ಹೀಗೆ

ನಮ್ಮದು ತೀರ್ಥಹಳ್ಳಿ ಕಡೆಯ ಹಳೆಯ ಹೆಂಚಿನ ಮನೆ. ಆಗುಂಬೆ ದೂರವಿಲ್ಲ. ಅಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ನಮ್ಮಲ್ಲಿ ಅಷ್ಟಿಲ್ಲ, ಆದರೂ ಆರಿದ್ರೆ, ಪುನರ್ವಸು ಮಳೆ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಇಂಥ ಮನೆಯಲ್ಲಿ ಮೊದಲು ಹಾಳಾಗುವುದು ಮಾಡಿನ, ಅಂದರೆ ಛಾವಣಿಯ, ನಡುಭಾಗ ಅಲ್ಲ, ಅಂಚು. ಒಂದು ಬೆಳಿಗ್ಗೆ ಅಮ್ಮ ಜಗಲಿ ಗುಡಿಸುವಾಗ ಒಂದೇ ಜಾಗದಲ್ಲಿ ಕಂದು ಹುಡಿ ಬಿದ್ದಿತ್ತು. ಏಣಿ ಹಾಕಿ ಹತ್ತಿ, ಅಂಚಿನ ಹಲಗೆಗೆ ಸ್ಕ್ರೂಡ್ರೈವರ್ ಒತ್ತಿದೆ. ನೆನೆದ ರಸ್ಕಿಗೆ ಚಮಚ ಇಳಿದ ಹಾಗೆ ಇಳಿಯಿತು.

ಆ ಹಲಗೆಗೆ ಆಗಲೇ ತಗಡು ಹೊಡೆದಿತ್ತು ಎನ್ನುವುದೇ ನನಗೆ ಸಂಕಟ. ಎರಡು ಮಳೆಗಾಲದ ಹಿಂದೆ ದುಡ್ಡು ಕೊಟ್ಟು ಹೊಡೆಸಿದ್ದೆವು. ನೇರವಾಗಿ ಬಗ್ಗಿಸಿದ ಒಂದು ಪಟ್ಟಿ, ಎದುರಿನಿಂದ ಸಾಲಾಗಿ ಮೊಳೆ. ಹೊರಗಿನಿಂದ ನೋಡಿದರೆ ಚೆಂದವೇ. ನೀರು ಮಾತ್ರ ತಗಡಿನ ಮುಖದ ಮೇಲೆ ಇಳಿದು, ಕೆಳಗಿನ ಅಂಚಿನಲ್ಲಿ ಒಳಕ್ಕೆ ತಿರುಗಿ, ಹಲಗೆ ಸೇರುತ್ತಿತ್ತು. ಮೊಳೆ ಹೊಡೆದ ತೂತಿನಿಂದಲೂ ಒಳಗೆ ಹೋಗುತ್ತಿತ್ತು. ಒಳಗೆ ಹೋದದ್ದಕ್ಕೆ ಆರಲು ದಾರಿಯಿಲ್ಲ. ತಗಡಿಲ್ಲದ ಹಲಗೆಯಾದರೆ ಬಿಸಿಲಿಗೆ ಒಂದಿಷ್ಟು ಒಣಗುತ್ತಿತ್ತು, ಹಾಳಾಗುವುದು ಕಣ್ಣಿಗೂ ಬೀಳುತ್ತಿತ್ತು. ತಪ್ಪಾಗಿ ಹಾಕಿದ ತಗಡಿಗಿಂತ ತಗಡು ಇಲ್ಲದಿರುವುದೇ ವಾಸಿ ಎಂದು ನಾನು ಈಗಲೂ ಹೇಳುತ್ತೇನೆ.

ಆಮೇಲೆ ನಾನೇ ಕಲಿತು ಹಾಕಿದೆ. ನಮ್ಮ ಮನೆಗೆ, ಚಿಕ್ಕಪ್ಪನ ಮನೆಗೆ, ಕೊಟ್ಟಿಗೆಗೆ. ಮಾಡಿ ನೋಡಿ ಗೊತ್ತಾದದ್ದನ್ನು ಬರೆಯುತ್ತಿದ್ದೇನೆ.

ಮೊದಲು ನೀರಿನ ಗುಣ ತಿಳಿಯಬೇಕು. ಅಡುಗೆ ಮನೆಗೆ ಹೋಗಿ ಅಂಚಿಲ್ಲದ ನೇರ ಗಾಜಿನ ಲೋಟದಲ್ಲಿ ನೀರು ತುಂಬಿ. ಜೋರಾಗಿ ಬಗ್ಗಿಸಿದರೆ ನೀರು ದೂರಕ್ಕೆ ಬೀಳುತ್ತದೆ. ಸುಮ್ನೆ ನಿಧಾನಕ್ಕೆ ಬಗ್ಗಿಸಿ ನೋಡಿ. ಲೋಟದ ಹೊರಮೈಗೆ ಅಂಟಿಕೊಂಡು, ತಳದವರೆಗೆ ಇಳಿದು, ಅಂಗೈ ಒದ್ದೆ ಮಾಡುತ್ತದೆ. ಈಗ ಸ್ಟೀಲಿನ ಕಾಫಿ ಲೋಟ ತೆಗೆದುಕೊಳ್ಳಿ. ಅದರ ಬಾಯಿ ಹೊರಕ್ಕೆ ಮಡಚಿರುತ್ತದೆ ಅಲ್ವಾ? ಅದರಿಂದ ನಿಧಾನಕ್ಕೆ ಬಗ್ಗಿಸಿದರೂ ನೀರು ಆ ಅಂಚಿನಲ್ಲೇ ಕಳಚಿ ಬೀಳುತ್ತದೆ. ಹೆಂಚಿನ ಅಂಚಿನಲ್ಲೂ ಆಗುವುದು ಇದೇ. ಜಡಿಮಳೆಯ ನೀರು ಹಾರಿ ಅಂಗಳಕ್ಕೆ ಬೀಳುತ್ತದೆ, ಅದರಿಂದ ಹಲಗೆಗೆ ತೊಂದರೆ ಕಡಿಮೆ. ಮಳೆ ನಿಲ್ಲುತ್ತಾ ಬಂದಾಗ ತೊಟ್ಟಿಕ್ಕುವ ನೀರು, ಇಡೀ ದಿನದ ಜಿಟಿಜಿಟಿ, ಇದೇ ಹೆಂಚಿನ ಅಡಿಮೈ ಹಿಡಿದು ಹಿಂದಕ್ಕೆ ಹೋಗಿ ಹಲಗೆಯನ್ನೂ ಪಕಾಸಿಯ (ಮಾಡು ಹೊರುವ ಇಳಿಜಾರಿನ ಮರದ) ತುದಿಯನ್ನೂ ನೆನೆಸುವುದು. ಆದ್ದರಿಂದ ತಗಡಿಗೆ ಕಾಫಿ ಲೋಟದ ಹಾಗೆ ಹೊರಕ್ಕೆ ಚಾಚಿದ ತುಟಿ ಬೇಕೇ ಬೇಕು. ಬಾಕಿ ಎಲ್ಲ ಕೆಲಸ ಆ ತುಟಿಗಾಗಿ.

ತಗಡು 26 ಗೇಜಿನ ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ್ದು, ಸಾಕು. ದಪ್ಪ ಸುಮಾರು ಅರ್ಧ ಮಿಲಿಮೀಟರ್. ಬಣ್ಣ ಹಾಕಿದ ತಗಡು ಸಿಕ್ಕರೆ ಇನ್ನೂ ಒಳ್ಳೆಯದು. 8 ಅಡಿ ಉದ್ದ, 4 ಅಡಿ ಅಗಲದ ಒಂದು ಶೀಟಿನಲ್ಲಿ 8 ಇಂಚು ಅಗಲದ 6 ಪಟ್ಟಿ ಸಿಗುತ್ತವೆ. ನಮ್ಮ ಮುಂದಿನ ಸೂರು 42 ಅಡಿ. ಪಟ್ಟಿಗಳನ್ನು 3 ಇಂಚು ಒಂದರ ಮೇಲೊಂದು ಹತ್ತಿಸಿದರೂ ಆರು ಪಟ್ಟಿಗೆ 46 ಅಡಿ ದಾಟುತ್ತದೆ. ಅಂದರೆ ಒಂದು ಬದಿಗೆ ಒಂದೇ ಶೀಟು.

ಕತ್ತರಿಸಲು ತಗಡಿನ ಕತ್ತರಿಯನ್ನೇ ಬಳಸಿ. ಗ್ರೈಂಡರ್ ಬೇಡ. ಅದರ ಬಿಸಿಗೆ ಅಂಚಿನ ಸತುವಿನ ಲೇಪ ಸುಟ್ಟು ಹೋಗುತ್ತದೆ, ಹಾರಿದ ಕಬ್ಬಿಣದ ಕಿಡಿ ತಗಡಿನ ಮೇಲೆ ಕೂತು ಮೊದಲ ಮಳೆಗೇ ತುಕ್ಕಿನ ಚುಕ್ಕೆ ಏಳುತ್ತದೆ. ಕೈಗೆ ದಪ್ಪ ಗ್ಲೌಸ್ ಇರಲಿ. ತಗಡಿನ ಗಾಯ ಆಳಕ್ಕೆ ಹೋಗುತ್ತದೆ.

ಬಗ್ಗಿಸುವ ಅಳತೆ ಹೀಗೆ. 8 ಇಂಚಿನಲ್ಲಿ 4 ಇಂಚು ಮೇಲೆ, ಹೆಂಚಿನ ಅಡಿಗೆ ಹೋಗುವ ಭಾಗ. 3 ಇಂಚು ಮುಖ, ಹಲಗೆಯ ಮುಂದೆ ಇಳಿಯುವ ಭಾಗ. ಅರ್ಧ ಇಂಚು ತುಟಿ, 45 ಡಿಗ್ರಿ ಹೊರಕ್ಕೆ. ಉಳಿದ ಅರ್ಧ ಇಂಚನ್ನು ತುಟಿಯ ಅಡಿಗೇ ಮಡಚಿ ಒತ್ತಬೇಕು. ಮಡಚಿದರೆ ತುಟಿ ಗಟ್ಟಿಯಾಗುತ್ತದೆ, ಕತ್ತರಿಸಿದ ಅಂಚು ಮರೆಯಾಗುತ್ತದೆ, ಏಣಿ ಹತ್ತುವವರ ಕೈಯೂ ಕೊಯ್ಯುವುದಿಲ್ಲ. ಬೆಂಡಿಂಗ್ ಮಷೀನ್ ಇರುವ ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ಇದು ಅರ್ಧ ದಿನದ ಕೆಲಸವೂ ಅಲ್ಲ.

ಅಂಗಡಿಗೆ ಹೋಗುವ ಮುಂಚೆ ಒಂದು ರಟ್ಟಿನ ಅಚ್ಚು ಮಾಡಿಕೊಳ್ಳಿ. ಇದನ್ನು ಬಿಟ್ಟರೆ ಪೂರ್ತಿ ಕೆಲಸ ಕೆಡುತ್ತದೆ. ಮಾಡು ಇಳಿಜಾರು, ಹಲಗೆ ನೆಟ್ಟಗೆ. ಎರಡರ ನಡುವಿನ ಕೋನ 90 ಅಲ್ಲ. ಮಾಡು 30 ಡಿಗ್ರಿ ಇಳಿಜಾರಿದ್ದರೆ ತಗಡನ್ನು 120 ಡಿಗ್ರಿಗೆ ಬಗ್ಗಿಸಬೇಕು. ಸುಮ್ನೆ ‘ಎಲ್ ಆಕಾರ’ ಎಂದು ಹೇಳಿ ಬಂದರೆ 90 ಡಿಗ್ರಿಗೆ ಬಗ್ಗಿಸಿ ಕೊಡುತ್ತಾರೆ. ಅದನ್ನು ಮಾಡಿನ ಮೇಲೆ ಒತ್ತಿದಾಗ ಮುಖ ಒಳಕ್ಕೆ ತಿರುಗಿ ತುಟಿ ಹಲಗೆಗೇ ತಾಗುತ್ತದೆ. ನಮ್ಮ ಮನೆಯ ಹಳೆಯ ತಗಡಿನ ಕಥೆ ಇದೇ ಆಗಿತ್ತು. ಹಳೆಯ ಕ್ಯಾಲೆಂಡರಿನ ರಟ್ಟು ಸಾಕು. ಪಕಾಸಿಯ ತುದಿಗೆ ಹಿಡಿದು ಕತ್ತರಿಸಿ, ಅದನ್ನೇ ಅಂಗಡಿಗೆ ಕೊಡಿ.

ಏಪ್ರಿಲ್ ಕೊನೆಗೆ, ಹೇಗೂ ಹೆಂಚು ಕೈಯಾಡಿಸುವ ಹೊತ್ತಿಗೆ ಈ ಕೆಲಸ ಇಟ್ಟುಕೊಳ್ಳುವುದು ಸರಿ. ರೋಹಿಣಿ ಮಳೆ ಶುರುವಾಗುವ ಮೊದಲು ಮುಗಿಯಬೇಕು. ಪಾಚಿಯ ಹೆಂಚು ಒದ್ದೆಯಾದರೆ ಅದರ ಮೇಲೆ ಕಾಲಿಡುವುದು ಜೀವಕ್ಕೆ ಅಪಾಯ. ಸೂರಿನ ಹತ್ತಿರ ಕರೆಂಟಿನ ಸರ್ವಿಸ್ ವಯರ್ ಇದ್ದರೆ ಲೈನ್ ಆಫ್ ಮಾಡಿಸಿಕೊಂಡೇ ಉದ್ದದ ತಗಡು ಮೇಲೆತ್ತಿ. ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ.

ಅಂಚಿನಿಂದ ಎರಡು ಸಾಲು ಹೆಂಚು ಬಿಚ್ಚಿ. 42 ಅಡಿಗೆ ಸಾಲಿಗೆ 60ರ ಹತ್ತಿರ ಬರುತ್ತವೆ. ಬಿಚ್ಚಿದ ಹಾಗೇ ಕ್ರಮವಾಗಿ ಪೇರಿಸಿಟ್ಟರೆ ಮತ್ತೆ ಕೂರಿಸುವುದು ಸುಲಭ. ಹಳೆಯ ಹೆಂಚುಗಳ ಬೆನ್ನಿನ ಅಚ್ಚನ್ನು ಒಮ್ಮೆ ಓದಿ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಈ ಹೆಂಚು ನಮ್ಮ ಕಡೆಯ ಮಾಡುಗಳನ್ನು ಹತ್ತಿದ್ದು. ನಮ್ಮ ಮನೆಯದರಲ್ಲಿ ಹೆಸರು ಸವೆದಿದೆ, ಹೆಂಚು ಮಾತ್ರ ಬಡಿದರೆ ಇನ್ನೂ ಗಣ್ ಎನ್ನುತ್ತದೆ. ಅಂಥದ್ದನ್ನು ಒಡೆಯಬೇಡಿ.

ಈಗ ಪಕಾಸಿಯ ತುದಿಗಳು ಕಾಣುತ್ತವೆ. ಒಂದೊಂದಕ್ಕೂ ಸ್ಕ್ರೂಡ್ರೈವರ್ ಚುಚ್ಚಿ. ಮೆತ್ತಗಿದ್ದದ್ದನ್ನು ಗಟ್ಟಿ ಮರ ಸಿಗುವವರೆಗೆ ಕೊಯ್ದು, ಪಕ್ಕಕ್ಕೆ ಹೊಸ ತುಂಡು ಜೋಡಿಸಿ ಬೋಲ್ಟು ಹಾಕಿ. ಕೊಳೆತದ್ದರ ಮೇಲೆ ತಗಡು ಮುಚ್ಚಿದರೆ ಕೊಳೆ ನಿಲ್ಲುವುದಿಲ್ಲ. ಮರಕ್ಕೆ ನಾನು ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಹಚ್ಚುತ್ತೇನೆ. ಒರಲೆಗೂ ಒಳ್ಳೆಯದು. ಚರ್ಮಕ್ಕೆ ತಾಗಿದರೆ ಮಾತ್ರ ಬೊಬ್ಬೆ ಏಳುತ್ತದೆ, ಮೊದಲೇ ಕೈಗೆ ತೆಂಗಿನೆಣ್ಣೆ ಸವರಿ ಮೇಲೆ ಗ್ಲೌಸ್ ಹಾಕಿ. ನಾಲ್ಕು ದಿನ ಬಿಸಿಲಿಗೆ ಚೆನ್ನಾಗಿ ಒಣಗಲಿ.

ಹಲಗೆಯ ಒಂದು ತುದಿಯಿಂದ ಇನ್ನೊಂದಕ್ಕೆ ನೂಲು ಕಟ್ಟಿ, ಅದರ ಗುರುತಿಗೆ ತಗಡು ಕೂರಿಸಿ. ಮೇಲಿನ 4 ಇಂಚು ಅಂಚಿನ ರೀಪಿನ (ಹೆಂಚು ಕೂರುವ ಅಡ್ಡ ಪಟ್ಟಿಯ) ಮೇಲೆ ಮಲಗುತ್ತದೆ. ಸ್ಕ್ರೂ ಹಾಕುವುದು ಅಲ್ಲಿ ಮಾತ್ರ. ಮೇಲಂಚಿನಿಂದ 1 ಇಂಚು ಕೆಳಗೆ, ಅಡಿಗೊಂದು, ರಬ್ಬರ್ ವಾಷರ್ ಇರುವ ಸ್ಕ್ರೂ. ಅದರ ಮೇಲೆ ಹೆಂಚು ಬರುವುದರಿಂದ ಮಳೆ ತಾಗುವುದಿಲ್ಲ. ಮುಖಕ್ಕೆ ಒಂದೂ ಮೊಳೆ ಬೇಡ. ಮುಖ ಹಲಗೆಗೆ ಅಂಟಿಕೊಂಡಿರಲೂ ಬಾರದು. ನಡುವೆ ಪೆನ್ಸಿಲ್ ತೂರುವಷ್ಟು ಜಾಗ ಬಿಡಿ. ನಾನು ನಿಜವಾಗಿಯೂ ಪೆನ್ಸಿಲ್ ಹಿಡಿದು ಉದ್ದಕ್ಕೂ ಎಳೆದುಕೊಂಡು ಹೋಗುತ್ತೇನೆ. ಸಿಕ್ಕಿಕೊಂಡ ಕಡೆ ಸರಿಮಾಡುತ್ತೇನೆ. ಆ ಜಾಗದಲ್ಲಿ ಗಾಳಿಯಾಡಿದರೆ ಹಲಗೆ ಒಣಗುತ್ತದೆ.

ಪಟ್ಟಿ ಹತ್ತಿಸುವಾಗ ಗಾಳಿಯ ದಿಕ್ಕು ನೋಡಿ. ಮಳೆಗಾಲದ ಗಾಳಿ ನಮಗೆ ಪಶ್ಚಿಮದಿಂದ, ನೈಋತ್ಯದಿಂದ. ನಮ್ಮ ಸೂರು ದಕ್ಷಿಣಕ್ಕಿದೆ. ಹಾಗಾಗಿ ಪೂರ್ವದ ತುದಿಯಿಂದ ಶುರುಮಾಡಿ ಪಶ್ಚಿಮಕ್ಕೆ ಬಂದೆ. ಪಶ್ಚಿಮದ ಪಟ್ಟಿ ಯಾವಾಗಲೂ ಪೂರ್ವದ್ದರ ಮೇಲೆ. ಆಗ ಜೋಡಣೆಯ ಬಾಯಿ ಗಾಳಿಗೆ ಬೆನ್ನು ಹಾಕಿರುತ್ತದೆ, ಎರಚಲು ಒಳಗೆ ನುಗ್ಗುವುದಿಲ್ಲ. ಕೆಳಗೆ ಬರುವ ಪಟ್ಟಿಯ ತುದಿಯಲ್ಲಿ ಮಡಚಿದ ಭಾಗವನ್ನು 3 ಇಂಚು ಕತ್ತರಿಸಿ ತೆಗೆದರೆ ಎರಡೂ ಒಂದರೊಳಗೊಂದು ಕೂರುತ್ತವೆ. ನಡುವೆ ಒಂದು ಗೆರೆ ಸಿಲಿಕೋನ್. ಹುಳಿ ವಾಸನೆ ಬರುವ ಸಿಲಿಕೋನ್ ತರಬೇಡಿ, ಅದರ ಆಮ್ಲ ಸತುವನ್ನು ತಿನ್ನುತ್ತದೆ. ನ್ಯೂಟ್ರಲ್ ಎಂದು ಕೇಳಿ ತನ್ನಿ. ಜೋಡಣೆಗೆ ರಿವೆಟ್ ಬೇಡ. ಬಿಸಿಲಿಗೆ ತಗಡು ಒಂದು ಕೂದಲೆಳೆ ಹಿಗ್ಗುತ್ತದೆ, ಅದಕ್ಕೆ ಸರಿಯಲು ಜಾಗ ಇರಬೇಕು.

ಸೂರಿಗೆ ಮಳೆನೀರು ಹಿಡಿಯುವ ದೋಣಿ ಕಟ್ಟುವುದಿದ್ದರೆ ಅದರ ಬ್ರಾಕೆಟ್ ಮೊದಲು, ತಗಡು ಆಮೇಲೆ. ತುಟಿ ದೋಣಿಯ ಹಿಂದಿನ ಅಂಚು ದಾಟಿ ದೋಣಿಯೊಳಗೆ ಬೀಳಬೇಕು. ನಂತರ ಹೆಂಚು ವಾಪಸ್ ಕೂರಿಸಿ. ತುಟಿಗಿಂತ ಒಂದೂವರೆ, ಎರಡು ಇಂಚು ಮುಂದಕ್ಕೆ ಚಾಚಿದರೆ ಸಾಕು. ಜಾಸ್ತಿ ಚಾಚಿದರೆ ಮಂಗ ನೇತಾಡಿ ಒಡೆಯುತ್ತವೆ.

ಮನೆಯ ಪಕ್ಕದ ಅಂಚು, ಅಂದರೆ ತ್ರಿಕೋನದ ಗೋಡೆಯ ಬದಿ, ಬೇರೆ ಥರ. ಅಲ್ಲಿ ತಗಡು ಹೆಂಚಿನ ಮೇಲೆ ಬರುತ್ತದೆ. 12 ಇಂಚಿನ ಪಟ್ಟಿ, 90 ಡಿಗ್ರಿ ಬೆಂಡು. ಒಳ ಅಂಚನ್ನು ಅರ್ಧ ಇಂಚು ಕೆಳಕ್ಕೆ ಬಗ್ಗಿಸಿ ಹೆಂಚಿನ ಕಾಲುವೆಗೆ ಇಳಿಸಬೇಕು, ನೀರು ಆ ಕಾಲುವೆಯಲ್ಲೇ ಹರಿದು ಹೋಗುತ್ತದೆ. ಕೆಳಗಿನಿಂದ ಶುರು, ಮೇಲಿನ ಪಟ್ಟಿ ಕೆಳಗಿನದರ ಮೇಲೆ. ಇಲ್ಲಿ ಮಾತ್ರ ಪಕ್ಕದಿಂದ ಹಲಗೆಗೆ ಸ್ಕ್ರೂ ಹಾಕಲೇಬೇಕು, ಹೆಂಚಿಗೆ ತೂತು ಕೊರೆಯುವ ಹಾಗಿಲ್ಲವಲ್ಲ. ಸಂದಿಗೆ ಹಸಿ ಸಿಮೆಂಟ್ ಮೆತ್ತುವುದು ನಮ್ಮಲ್ಲಿ ರೂಢಿ. ತಗಡು ಇರುವ ಕಡೆ ಅದು ಬೇಡ. ಹಸಿ ಸಿಮೆಂಟಿನ ಕ್ಷಾರ ಸತುವನ್ನು ತಿನ್ನುತ್ತದೆ.

ಅಡಿಕೆ ತೋಟದವರಿಗೆ ಇನ್ನೊಂದು ಮಾತು. ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ಔಷಧಿ) ಕಲಸುವಾಗ ಕತ್ತಿಯ ಬಾಯಿ ಅದ್ದಿ ನೋಡುತ್ತೇವೆ. ಸುಣ್ಣ ಕಡಿಮೆಯಾಗಿದ್ದರೆ ಕತ್ತಿಯ ಮೇಲೆ ಕೆಂಪಗೆ ತಾಮ್ರ ಕೂರುತ್ತದೆ. ಕಬ್ಬಿಣದ ಗತಿಯೇ ಹಾಗಾದರೆ ಸತುವಿನ ತೆಳು ಲೇಪದ ಗತಿ ಇನ್ನೂ ಬೇಗ. ಚಿಕ್ಕಪ್ಪನ ಮನೆಯಲ್ಲಿ ಔಷಧಿ ಪೈಪನ್ನು ತೊಳೆದು ಸೂರಿಗೇ ನೇತು ಹಾಕುತ್ತಿದ್ದರು. ಅದು ತೊಟ್ಟಿಕ್ಕಿದ ಒಂದು ಮೊಳದಷ್ಟು ಜಾಗದಲ್ಲಿ ತಗಡು ಕಪ್ಪಾಗಿ, ಆಮೇಲೆ ತುಕ್ಕು ಹಿಡಿಯಿತು. ಬಾಕಿ ಕಡೆ ಇನ್ನೂ ಹೊಸದರ ಹಾಗೇ ಇದೆ. ಪೈಪು, ಡ್ರಮ್ಮು ಸೂರಿನಿಂದ ದೂರ ಇಡಿ. ಔಷಧಿ ಹಾರಿ ಬಿದ್ದರೆ ಅವತ್ತೇ ನೀರು ಹೊಡೆದು ತೊಳೆಯಿರಿ.

ಎಲ್ಲ ಮುಗಿದ ಮೇಲೆ ಪರೀಕ್ಷೆ. ಹಲಗೆಯ ಕೆಳಭಾಗಕ್ಕೆ, ತಗಡು ಮುಚ್ಚದ ಕಡೆ, ಉದ್ದಕ್ಕೂ ಸೀಮೆಸುಣ್ಣ ಉಜ್ಜಿ. ಬಕೆಟ್ಟಿನಿಂದ ರಪ್ಪನೆ ನೀರು ಸುರಿದರೆ ಎಂಥ ಅಂಚೂ ಪಾಸಾಗುತ್ತದೆ, ಅದನ್ನು ನಂಬಬೇಡಿ. ಚೊಂಬಿನಲ್ಲಿ ನೀರು ಹಿಡಿದು, ಎರಡನೇ ಸಾಲಿನ ಹೆಂಚಿನ ಮೇಲೆ ಸಣ್ಣ ಧಾರೆಯಾಗಿ ಬಿಡುತ್ತಾ ಹೋಗಿ. ಕೆಳಗೆ ಒಬ್ಬರು ನಿಂತು ನೋಡಲಿ. ತುಟಿಯ ತುದಿಯಲ್ಲಿ ಹನಿ ದಪ್ಪಗಾಗಿ, ತೂಗಿ, ಕಳಚಿ ನೇರ ಅಂಗಳಕ್ಕೆ ಬೀಳಬೇಕು. ಸುಣ್ಣದ ಮೇಲೆ ಒದ್ದೆಯ ಗೆರೆ ಬಂದ ಕಡೆ ತುಟಿ ಒಳಕ್ಕೆ ತಿರುಗಿದೆ ಎಂದು ಅರ್ಥ. ಇಕ್ಕಳದಿಂದ ಅಲ್ಲಿಷ್ಟು ಹೊರಕ್ಕೆ ಎಳೆದು ಮತ್ತೆ ನೀರು ಬಿಡಿ. ನಮ್ಮ ಮನೆಯಲ್ಲಿ ಮೂರು ಕಡೆ ಹಾಗೆ ಸರಿ ಮಾಡಬೇಕಾಯಿತು. ಕೆಳಗೆ ನಿಂತು ಆ ಮೂರನ್ನೂ ಹಿಡಿದವರು ಅಮ್ಮ.

ದೀಪಾವಳಿಯ ಹೊತ್ತಿಗೆ, ಮಳೆ ಪೂರ್ತಿ ಬಿಟ್ಟ ಮೇಲೆ, ಒಮ್ಮೆ ಏಣಿ ಹಾಕಿ. ದೋಣಿಯ ಎಲೆ, ತಗಡಿನ ಹಿಂದೆ ಕಣಜ ಕಟ್ಟಿದ ಮಣ್ಣಿನ ಗೂಡು ತೆಗೆಯಿರಿ. ಪೆನ್ಸಿಲ್ ಒಯ್ಯುವುದನ್ನು ಮರೆಯಬೇಡಿ.