ಮಾಜಾಳಿಯ ಗುಡ್ಡ ದಾಟಿದರೆ ಗೋವಾ: ಗಡಿ ಕಡಲಂಚಿನ ನನ್ನ ತಿರುಗಾಟ

ಕಾರವಾರದ ಸುತ್ತಮುತ್ತ ಪ್ರಾಣಿ-ಪಕ್ಷಿ ನೋಡಬೇಕೆಂದು ಬರುವವರು ಮೊದಲು ಕೇಳುವುದು ಯಾವ ತಿಂಗಳು ಒಳ್ಳೆಯದು ಎಂದು. ನಾನು ತಿಥಿ ಕೇಳುತ್ತೇನೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಚೆನ್ನಾಗಿ ಏರುತ್ತದೆ, ಅಷ್ಟೇ ಚೆನ್ನಾಗಿ ಇಳಿಯುತ್ತದೆ. ಆ ದಿನಗಳ ಇಳಿತ ಬೆಳಗಿನ ಜಾವಕ್ಕೂ ಸಂಜೆಗೂ ಬೀಳುವುದರಿಂದ ತಂಪು ಹೊತ್ತಿನಲ್ಲೇ ಕೆಸರು, ಬಂಡೆ, ಮರಳದಿಬ್ಬ ಎಲ್ಲ ತೆರೆದುಕೊಳ್ಳುತ್ತವೆ. ಅಷ್ಟಮಿಯ ಹೊತ್ತಿಗೆ ನೀರು ಅರೆಮನಸ್ಸಿನಿಂದ ಏರಿಳಿಯುತ್ತದೆ. ಆಗ ನಾನು ಕಡಲು ಬಿಟ್ಟು ಕಾಡಿನ ಕಡೆ ಹೋಗುತ್ತೇನೆ.

ಇದನ್ನು ನನಗೆ ಕಲಿಸಿದವರು ದೇವಬಾಗದ ಕಡೆಯ ಒಬ್ಬ ಹಿರಿಯ ತಾಂಡೇಲರು. ದೋಣಿ ನಡೆಸಿ ನಡೆಸಿ ಅವರಿಗೆ ತಿಥಿಯ ಮೇಲೇ ನೀರಿನ ಲೆಕ್ಕ ಬಾಯಿಗೆ ಬರುತ್ತದೆ. "ಇವತ್ತಿನ ಭರತ ನಾಳೆ ಇದೇ ಹೊತ್ತಿಗೆ ಬರೋದಿಲ್ಲ ತಮ್ಮಾ, ಮುಕ್ಕಾಲು ತಾಸು ತಡ ಮಾಡ್ತದೆ" ಎಂದಿದ್ದರು. ಪಟ್ಟಿ ತೆಗೆದು ನೋಡಿದರೆ ಸರಾಸರಿ 50 ನಿಮಿಷ. ಈಗ ಮೊಬೈಲಿನಲ್ಲಿ ಭರತ-ಇಳಿತದ ಪಟ್ಟಿ ಸಿಗುತ್ತದೆ, ನಾನೂ ನೋಡುತ್ತೇನೆ. ಆದರೆ ಗಾಳಿ ಯಾವ ಕಡೆಯಿಂದ, ಅಳಿವೆಯ ಮರಳದಿಬ್ಬ ಈ ವರ್ಷ ಎಲ್ಲಿಗೆ ಸರಿದಿದೆ, ಎಲ್ಲಿ ಕಾಲು ಹೂತುಹೋಗುತ್ತದೆ ಎನ್ನುವುದನ್ನು ದಂಡೆಯವರನ್ನೇ ಕೇಳಬೇಕು. ಕೇಳದೆ ನೀರಿಗೆ ಇಳಿಯುವುದಿಲ್ಲ.

ನನ್ನ ತಿರುಗಾಟದ ಹೆಚ್ಚಿನ ಹೊತ್ತು ಕಳೆಯುವುದು ಕಾಳಿ ನದಿಯ ಅಳಿವೆಯಲ್ಲಿ. ಜೋಯಿಡಾದ ಡಿಗ್ಗಿಯಲ್ಲಿ ಹುಟ್ಟಿ 184 ಕಿಲೋಮೀಟರ್ ಹರಿದು ಬಂದ ನದಿ ಸದಾಶಿವಗಡ ಮತ್ತು ಕೋಡಿಬಾಗದ ನಡುವೆ ಕಡಲು ಸೇರುತ್ತದೆ. 2024ರ ಆಗಸ್ಟಿನಲ್ಲಿ ಹಳೇ ಸೇತುವೆ ಕುಸಿದದ್ದು ಇಲ್ಲೇ. ಕೋಡಿಬಾಗದ ಕಡೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಮರದ ಹಲಗೆಯ ಕಾಲುದಾರಿ ಇದೆ. ಮೊದಲ ಬಾರಿಗೆ ಬರುವವರನ್ನು ನಾನು ಅಲ್ಲಿಗೇ ಕರೆದೊಯ್ಯುತ್ತೇನೆ, ಏಕೆಂದರೆ ಅಲ್ಲಿ ಕೆಸರು ತುಳಿಯದೆ ಕೆಸರನ್ನು ನೋಡಬಹುದು.

ನೀರು ಇಳಿಯಲು ಶುರುವಾದ ಮೇಲೆ ಒಂದೇ ಕಡೆ ನಿಲ್ಲುತ್ತೇನೆ. ಮೊದಲ ಹತ್ತು ನಿಮಿಷ ಏನೂ ಕಾಣುವುದಿಲ್ಲ, ನಾವು ನಡೆದ ಸದ್ದಿಗೆ ಎಲ್ಲವೂ ಬಿಲ ಸೇರಿರುತ್ತವೆ. ಅಲ್ಲಾಡದೆ ನಿಂತರೆ ಒಂದೊಂದೇ ಹೊರಬರುತ್ತವೆ. ಒಂದು ಕೊಂಬು ಮಾತ್ರ ಮೈಯಷ್ಟೇ ದೊಡ್ಡದಾಗಿರುವ ಗಂಡು ಏಡಿಗಳು ಅದನ್ನು ಎತ್ತಿ ಬೀಸಿ ಹೆಣ್ಣನ್ನು ಕರೆಯುತ್ತವೆ, ಪಕ್ಕದ ಗಂಡನ್ನು ಹೆದರಿಸುತ್ತವೆ. ಕಣ್ಣು ನೆತ್ತಿಯ ಮೇಲಿರುವ, ಕೆಸರಲ್ಲಿ ಕುಪ್ಪಳಿಸುವ ಮೀನು ಬೇರಿನ ಮೇಲೇ ಹತ್ತಿ ಕೂರುತ್ತದೆ. ಚರ್ಮ ಒದ್ದೆಯಾಗಿರುವಷ್ಟು ಹೊತ್ತು ಅದಕ್ಕೆ ಗಾಳಿಯಲ್ಲೂ ಉಸಿರಾಟ ಸಾಧ್ಯ. ಚಳಿಗಾಲವಾದರೆ ಕರಿ ತಲೆಯ ಮಿಂಚುಳ್ಳಿ ಕಾಂಡ್ಲಾ ಕೊಂಬೆಯಲ್ಲಿ ಇದೇ ಏಡಿಗಳಿಗಾಗಿ ಹೊಂಚುತ್ತಿರುತ್ತದೆ.

ಗಿಡಗಳನ್ನೂ ಬಿಡಿಬಿಡಿಯಾಗಿ ನೋಡಬೇಕು. ಕಮಾನಿನಂತೆ ಬೇರು ಇಳಿಬಿಟ್ಟು ನಿಂತದ್ದು ಒಂದು ಜಾತಿ. ಅದರ ಬೀಜ ಮರದಲ್ಲೇ ಮೊಳೆತು, ಉದ್ದ ಕೋಡಾಗಿ ತೂಗಿ, ಕೊನೆಗೆ ಕೆಸರಿಗೆ ಬೀಳುತ್ತದೆ. ಉಪ್ಪಟ್ಟಿಯ ಬೇರುಗಳು ಕೆಸರಿನಿಂದ ಪೆನ್ಸಿಲ್ ನೆಟ್ಟಂತೆ ಮೇಲಕ್ಕೆ ಎದ್ದು ಉಸಿರಾಡುತ್ತವೆ. ಅದರ ಎಲೆಯನ್ನು ನಾಲಿಗೆಗೆ ತಾಗಿಸಿದರೆ ಉಪ್ಪು: ಬೇಡದ ಉಪ್ಪನ್ನು ಎಲೆಯ ಮೇಲೆ ಹೊರಹಾಕುವುದು ಅದರ ಉಪಾಯ. ಮಕ್ಕಳು ಜೊತೆಗಿದ್ದರೆ ಇದನ್ನು ಮಾಡಿಸದೆ ಬಿಡುವುದಿಲ್ಲ.

ನೀರುನಾಯಿ ನೋಡುವ ಆಸೆ ಎಲ್ಲರಿಗೂ. ನಾನು ಪ್ರಾಣಿಗಿಂತ ಮೊದಲು ಅದರ ಹಿಕ್ಕೆ ಹುಡುಕುತ್ತೇನೆ. ಮೀನಿನ ಹುರುಪೆ, ಏಡಿಯ ಚಿಪ್ಪಿನ ಚೂರು ತುಂಬಿದ, ಗಾಢ ಮೀನು ವಾಸನೆಯ ಹಿಕ್ಕೆ ಒಂದೇ ಬಂಡೆಯ ಮೇಲೆ ಮತ್ತೆ ಮತ್ತೆ ಬಿದ್ದಿದ್ದರೆ ಅದು ಅವುಗಳ ಓಡಾಟದ ಜಾಗ. ಅಲ್ಲಿಂದ ದೂರ ಸರಿದು, ಗಾಳಿ ನಮ್ಮ ಕಡೆಗೆ ಬೀಸುವಂತೆ ಕೂತು ಕಾಯಬೇಕು. ಜಾಗ ಗೊತ್ತಾದ ಮೇಲೆ ಅದನ್ನು ಊರಿಗೆಲ್ಲ ಹೇಳುವುದಿಲ್ಲ. ಇದರಲ್ಲಿ ನಾನು ಕಟ್ಟುನಿಟ್ಟು.

ಕಾಳಿಯ ಬಗ್ಗೆ ಒಂದು ದುಃಖವಿದೆ. ಮೇಲೆ ಸೂಪಾದಿಂದ ಕದ್ರಾವರೆಗೆ ಅಣೆಕಟ್ಟುಗಳು. ವಿದ್ಯುತ್ ತೆಗೆದು ಬಿಟ್ಟ ಸಿಹಿನೀರು ಬೇಸಿಗೆಯಲ್ಲೂ ಅಳಿವೆಗೆ ಬರುತ್ತದೆ. ಉಪ್ಪುನೀರು ಬೇಕಿದ್ದ ಬಳಚು, ಕಲ್ವದಂಥ ಚಿಪ್ಪುಜೀವಿಗಳಿಗೆ, ಕೆಲವು ಮೀನುಗಳಿಗೆ ಅದು ಕಷ್ಟ. ಅಣೆಕಟ್ಟಿಲ್ಲದ ಅಘನಾಶಿನಿಯ ಅಳಿವೆಗೆ ಹೋಗಿ, ಇಳಿತದಲ್ಲಿ ಬಳಚು ಆರಿಸುವ ಹೆಂಗಸರ ಬುಟ್ಟಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಎರಡನ್ನೂ ನೋಡಿ ಎಂದು ನಾನು ಎಲ್ಲರಿಗೂ ಒತ್ತಾಯ ಮಾಡುತ್ತೇನೆ.

ಗಡಿಯ ಕಡೆ ನಡೆಯುವುದು ಇನ್ನೊಂದು ಸುಖ. ಮಾಜಾಳಿಯ ದಂಡೆ ಮುಗಿದಲ್ಲಿ ಗುಡ್ಡ ಶುರುವಾಗುತ್ತದೆ. ಕಾಲುದಾರಿ ಹಿಡಿದು ಏರಿ ಇಳಿದರೆ ತಿಳಮಾತಿ, ಎರಡು ಗುಡ್ಡಗಳ ನಡುವೆ ಸಿಕ್ಕಿಕೊಂಡ ಪುಟ್ಟ ಕರಿಮರಳ ದಂಡೆ. ಎಳ್ಳಿನ ಕಾಳಿನಷ್ಟು ದಪ್ಪದ ಮರಳು, ಸುತ್ತಲಿನ ಕರಿ ಬಂಡೆ ಸವೆದು ಆದದ್ದು. ಪಕ್ಕದ ದಂಡೆಯ ಮರಳು ಮಾತ್ರ ಬಿಳಿ. ಬಂಡೆಯ ಹೊಂಡಗಳಲ್ಲಿ ಇಳಿತದ ನೀರು ನಿಂತಿರುವಾಗ ಬಗ್ಗಿ ನೋಡಿದರೆ ಸಣ್ಣ ಮೀನು, ಶಂಖದೊಳಗೆ ಮನೆ ಮಾಡಿದ ಏಡಿ, ಮುಟ್ಟಿದರೆ ಮುದುಡುವ ಕಡಲ ಹೂ ಕಾಣುತ್ತವೆ. ಬಂಡೆ ಸುತ್ತಿ ಹೋಗುವ ದಾರಿ ಹತ್ತಿರವೆಂದು ಕಾಣುತ್ತದೆ, ಆದರೆ ಪಾಚಿ ಜಾರುತ್ತದೆ, ಭರತ ತಿರುಗಿದರೆ ಹಿಂದೆ ಬರಲಾಗದು. ಮಳೆಗಾಲದಲ್ಲಂತೂ ಅತ್ತ ಸುಳಿಯುವುದೇ ಬೇಡ. ನಾನು ಯಾವಾಗಲೂ ಗುಡ್ಡದ ಮೇಲಿಂದಲೇ ಹೋಗುತ್ತೇನೆ. ಬಿಳಿ ಹೊಟ್ಟೆಯ ಕಡಲ ಹದ್ದು ನಮ್ಮ ಕಣ್ಣಿನ ಎತ್ತರದಲ್ಲೇ ತೇಲಿ ಹೋಗುವುದು ಸಿಗುವುದು ಅಲ್ಲಿಂದ ಮಾತ್ರ.

ಅದರಾಚೆ ಗೋವಾದ ತೀರಾ ದಕ್ಷಿಣದ ದಂಡೆ ಪೋಳೆಂ. ಎರಡೂ ಕಡೆ ಮಾತು ಕೊಂಕಣಿ. ಗಡಿ ಎಂಬುದು ಹೆದ್ದಾರಿಯ ತಪಾಸಣೆ ನಾಕೆಯಲ್ಲಿ ಮಾತ್ರ ನೆನಪಾಗುತ್ತದೆ. ಮರಳಿ ಬರಲು ಗೋವಾ ಕಡೆಯ ಕಾಣಕೋಣದಿಂದ ಕಾರವಾರಕ್ಕೆ ಬರುವ ಬಸ್ಸು ಹಿಡಿಯುತ್ತೇನೆ.

ಕಡಲಾಮೆಗೂ ಈ ಗಡಿ ಇಲ್ಲ. ಆಲಿವ್ ರಿಡ್ಲಿ ಆಮೆಗಳು ಚಳಿಗಾಲದ ರಾತ್ರಿಗಳಲ್ಲಿ ದೇವಬಾಗ, ಮಾಜಾಳಿ ದಂಡೆಗಳಿಗೂ ಬರುತ್ತವೆ, ಕಾಣಕೋಣದ ಗಾಲ್ಜಿಬಾಗ, ಅಗೋಂದಕ್ಕೂ ಬರುತ್ತವೆ. ಒಂದು ಆಮೆ ಒಮ್ಮೆಗೆ ಇಡುವುದು ನೂರರ ಆಸುಪಾಸು ಮೊಟ್ಟೆ. ಮರಿಯಾಗಲು 45ರಿಂದ 60 ದಿನ. ಮರಳು ಹೆಚ್ಚು ಬಿಸಿಯಿದ್ದರೆ ಹೆಣ್ಣು, ತಂಪಿದ್ದರೆ ಗಂಡು. ಹೀಗಿರುವಾಗ ಗಾಳಿಮರದ ನೆರಳೂ ಲೆಕ್ಕಕ್ಕೆ ಬರುತ್ತದೆ. ಎರಡೂ ರಾಜ್ಯಗಳಲ್ಲಿ ಅರಣ್ಯ ಇಲಾಖೆಯವರು ಮೊಟ್ಟೆಗೂಡಿನ ಸುತ್ತ ಬಲೆಯ ಬೇಲಿ ಕಟ್ಟಿ ಕಾಯುತ್ತಾರೆ.

ಆಮೆ ನೋಡಲು ನಾನು ರಾತ್ರಿ ದಂಡೆಯಲ್ಲಿ ಅಲೆಯುವುದಿಲ್ಲ. ಬೆಳಕು ಹರಿಯುವ ಮುಂಚೆ ಹೋಗಿ, ನೀರಂಚಿನ ಗುಂಟ ನಡೆದು ಜಾಡು ಹುಡುಕುತ್ತೇನೆ. ನೀರಿನಿಂದ ಏರಿದ ಒಂದು ಪಟ್ಟಿ, ಮರಳಿದ ಇನ್ನೊಂದು ಪಟ್ಟಿ. ಎಡ-ಬಲ ಕಾಲಿನ ಗುರುತು ಒಂದಾದ ಮೇಲೊಂದು ಬಿದ್ದಿದ್ದರೆ ರಿಡ್ಲಿ. ಜಾಡು ಕಂಡರೆ ತುಳಿಯದೆ, ಅಗೆಯದೆ, ನಾಯಿ ಬರದಂತೆ ಅಲ್ಲೇ ನಿಂತು ಅರಣ್ಯದವರಿಗೆ ಫೋನ್ ಮಾಡುತ್ತೇನೆ. ಎಷ್ಟೋ ಸಲ ನನಗಿಂತ ಮೊದಲೇ ರಂಪಣಿ ಬಲೆಯ ಮೀನುಗಾರರು ನೋಡಿ ತಿಳಿಸಿರುತ್ತಾರೆ. ಗೂಡು ಒಡೆಯುವ ದಿನ ಸಿಬ್ಬಂದಿ ಕರೆದರೆ ಮಾತ್ರ ಹೋಗುತ್ತೇನೆ, ಟಾರ್ಚು ಹಚ್ಚುವುದಿಲ್ಲ. ಮರಿಗಳು ಬೆಳಕಿರುವ ಕಡೆ ಓಡುತ್ತವೆ. ಕಡಲಿಗಿಂತ ಹೋಮ್‌ಸ್ಟೇ ದೀಪವೇ ಪ್ರಖರವಾದರೆ ರಸ್ತೆ ಕಡೆ ಹೋಗಿ ಸಾಯುತ್ತವೆ. ದಂಡೆಯಲ್ಲಿ ತಂಗುವವರು ಆ ತಿಂಗಳುಗಳಲ್ಲಿ ಹೊರದೀಪ ಆರಿಸಲು ಮಾಲೀಕರಿಗೆ ಹೇಳಿದರೆ ದೊಡ್ಡ ಉಪಕಾರ.

ಡಾಲ್ಫಿನ್‌ಗೆ ದೋಣಿ ಬೇಕೆಂದಿಲ್ಲ. ಗಾಳಿಯಿಲ್ಲದ ಬೆಳಿಗ್ಗೆ ಸದಾಶಿವಗಡದ ಗುಡ್ಡದಲ್ಲಿ ದುರ್ಬೀನು ಹಿಡಿದು ಕೂತರೆ ಸಾಕು. ಬೆನ್ನ ಮೇಲೆ ಉಬ್ಬಿರುವ ಈ ಡಾಲ್ಫಿನ್‌ಗಳು ಆಳಕ್ಕೆ ಹೋಗುವುದಿಲ್ಲ, ಅಳಿವೆ ಬಾಯಿಯ ಮೀನಿಗಾಗಿ ದಡದ ಹತ್ತಿರವೇ ಓಡಾಡುತ್ತವೆ. ಅವುಗಳ ಬೆನ್ನಟ್ಟುವ ಪ್ರವಾಸಿ ದೋಣಿ ನನಗೆ ಹಿಡಿಸುವುದಿಲ್ಲ. ದೋಣಿಯಲ್ಲಿ ಹೋಗಲೇಬೇಕಾದರೆ ಎಂಜಿನ್ ನಿಲ್ಲಿಸಿ ಕಾಯಲು ಒಪ್ಪುವವರ ಜೊತೆ ಹೋಗಬೇಕು. ದಕ್ಷಿಣಕ್ಕೆ ಅರ್ಗಾದ ಕಡೆ ನೌಕಾನೆಲೆ ಇರುವುದರಿಂದ ಅತ್ತ ದೋಣಿಯೂ ಬೇಡ, ಕ್ಯಾಮೆರಾವೂ ಬೇಡ. ಅಲ್ಲಿ ಕಾಣುವ ಅಂಜದೀವ್ ದ್ವೀಪ ಕಾರವಾರದ ಮುಂದೆಯೇ ಇದ್ದರೂ ಗೋವಾಕ್ಕೆ ಸೇರಿದ್ದು!

ಅಷ್ಟಮಿಯ ದಿನಗಳಿಗೆ ಗೋವಾ ಕಡೆಯ ಖೋತಿಗಾಂವ್ ಅಭಯಾರಣ್ಯ. 1968ರಲ್ಲಿ ಘೋಷಣೆಯಾದ, ಸುಮಾರು 86 ಚದರ ಕಿಲೋಮೀಟರಿನ ಕಾಡು. ಬೆಳಿಗ್ಗೆ ಬೇಗ ಹೋದರೆ ಕೆಂಜಳಿಲು, ಮಂಗಟ್ಟೆ, ಅದೃಷ್ಟವಿದ್ದರೆ ಕಾಡುಕೋಣ. ಪ್ರಾಣಿಗಳ ಸಂಖ್ಯೆಗಿಂತ ನನಗೆ ಅಲ್ಲಿನ ಹಳ್ಳದ ನೆರಳು ಇಷ್ಟ.

ಮಳೆಗಾಲದಲ್ಲಿ ತಿರುಗಾಟ ಕಡಿಮೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳೂ ದಡದಲ್ಲಿರುತ್ತವೆ. ಆದರೆ ಆಗಲೇ ದೊಡ್ಡ ಅಲೆಗಳು ಬಲೆಯ ತುಂಡಿಗೆ ಸಿಕ್ಕ ಆಮೆ, ಸತ್ತ ಡಾಲ್ಫಿನ್‌ಗಳನ್ನು ತಂದು ಹಾಕುವುದು. ಕಂಡರೆ ಪಕ್ಕದಲ್ಲಿ ಅಳತೆಗೆ ಚಪ್ಪಲಿಯೊಂದನ್ನಿಟ್ಟು ಫೋಟೊ ತೆಗೆದು, ಜಾಗ, ದಿನ, ಹೊತ್ತು ಬರೆದು, ಮಾಜಾಳಿಯ ಈಚೆಯಾದರೆ ಕಾರವಾರದ, ಪೋಳೆಂ ಕಡೆಯಾದರೆ ಕಾಣಕೋಣದ ಅರಣ್ಯ ಕಚೇರಿಗೆ ಕಳಿಸುತ್ತೇನೆ. ಆಮೆ ಜೀವಂತವಿದ್ದರೆ ನೀರಿಗೆ ದಬ್ಬಬಾರದು. ಸುಸ್ತಾದ ಆಮೆ ಮುಳುಗಿ ಸಾಯುತ್ತದೆ. ನೆರಳಿಗೆ ಸರಿಸಿ, ಬೆನ್ನಿಗೆ ಒದ್ದೆ ಬಟ್ಟೆ ಹೊದಿಸಿ, ಮೂಗು ಮುಚ್ಚದಂತೆ ನೋಡಿಕೊಂಡು, ಅವರು ಬರುವವರೆಗೆ ಜನರನ್ನು ದೂರ ನಿಲ್ಲಿಸಬೇಕು.